ಸಿಹಿ ಉಸಿರು

ಮಾಚೇನಹಳ್ಳಿ ದಾಟುವಾಗ ಮೆಟಡೋರ್ ಗುಂಡಿಗೆ ಇಳಿದು ಎದ್ದಿತು. ಪುಟ್ಟಯ್ಯ ಕಾಲುಗಳ ನಡುವೆ ಇಟ್ಟುಕೊಂಡಿದ್ದ ತಗಡಿನ ಟ್ರಂಕಿನ ಚಿಲಕ ಅವನ ಮಂಡಿಯ ಮೂಳೆಗೆ ಬಡಿಯಿತು. ನೋವಾಯಿತು. ಇನ್ನೊಮ್ಮೆ ಬಡಿಯಲಿ ಎಂದು ಕಾದ. ಆದರೆ ಅಲ್ಲಿಂದ ಮುಂದೆ ರಸ್ತೆ ನುಣ್ಣಗಿತ್ತು. ಮುಂದಿನ ಸೀಟಿನಲ್ಲಿ ಗುರುಗಳು ಕಣ್ಣು ಮುಚ್ಚಿ ಕೂತಿದ್ದರು. ಅವರ ಕಾವಿಯ ಅಂಚು ಕಿಟಕಿಯ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಹಿಂದೆ ಪಾಠಶಾಲೆಯ ಮೂವರು ವಿದ್ಯಾರ್ಥಿಗಳು ಏನೋ ಪಿಸುಗುಟ್ಟಿ ನಗು ತಡೆದುಕೊಳ್ಳುತ್ತಿದ್ದರು. ಸಾವಿನ ಮನೆಗೆ ಹೋಗುವವರು ಹೀಗಾ ಎಂದು ಗದರಬೇಕಿತ್ತು. ಗೋಪಾಳದ ಪಾಠಶಾಲೆಯಲ್ಲಿ ಅವನೇ ಹಿರಿಯ ವಿದ್ಯಾರ್ಥಿ, ಎಂಟು ವರ್ಷದಿಂದ ಗದರುತ್ತಲೇ ಬಂದವನು. ಬಾಯಿ ತೆರೆದರೆ ಏನು ಹೊರಗೆ ಬಂದೀತೋ ಎಂಬ ಹೆದರಿಕೆಯಲ್ಲಿ ಹಲ್ಲು ಕಚ್ಚಿ ಕೂತ. ಟ್ರಂಕು ವಿಜಯೇಂದ್ರನದು. ಹತ್ತೊಂಬತ್ತು ವರ್ಷದ ವಿಜಯೇಂದ್ರ ಸತ್ತು ಇವತ್ತಿಗೆ ಹನ್ನೊಂದು ದಿನ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದ ಅವನ ಮನೆಯಲ್ಲಿ ಇವತ್ತು ಶಿವಗಣಾರಾಧನೆ. ಐವರು ಜಂಗಮರನ್ನು ಕೂರಿಸಿ, ಮನೆಯ ಯಜಮಾನ ಅವರ ಪಾದ ತೊಳೆದು, ಆ ನೀರನ್ನು ತೀರ್ಥವೆಂದು ಕುಡಿದು, ಊಟ ಬಡಿಸಿದರೆ ಹೋದವನಿಗೆ ಮುಟ್ಟುತ್ತದೆ. ಬೆಳಿಗ್ಗೆ ಗುರುಗಳು ವಿಭೂತಿ ಹಚ್ಚಿಕೊಳ್ಳುತ್ತ, ಐದನೆಯವನಾಗಿ ನೀನು ಕೂತ್ಕೋ ಎಂದಿದ್ದರು. ಜಂಗಮರ ಮನೆಯಲ್ಲಿ ಹುಟ್ಟಿದವನಿಗೆ ಅದರಲ್ಲಿ ಬೇಡವೆನ್ನುವುದೇನೂ ಇರಲಿಲ್ಲ. ಊಟಕ್ಕೆ ಮೊದಲು ಹುಡುಗನ ನಿಷ್ಠೆಯ ಬಗ್ಗೆ ನಾಲ್ಕು ಮಾತೂ ಆಡು ಎಂದು ಹೇಳಿ, ಕನ್ನಡಿಯಲ್ಲೇ ಅವನ ಮುಖವನ್ನು ಒಂದು ಗಳಿಗೆ ನೋಡಿದ್ದರು.

ಸೀಟಿನ ಕೆಳಗೆ ಆರಾಧನೆಗೆಂದು ತಂದ ಬಾಳೆಗೊನೆ ಎಂಜಿನ್ನಿನ ಬಿಸಿಗೆ ಬೆಂದಂತಾಗಿ, ಅತಿಯಾಗಿ ಮಾಗಿದ ಹಣ್ಣಿನ ವಾಸನೆ ಏರುತ್ತಿತ್ತು. ಪುಟ್ಟಯ್ಯ ಶಲ್ಯದ ತುದಿಯನ್ನು ಮೂಗಿಗೆ ಒತ್ತಿಕೊಂಡ. ಹುಡುಗ ಸಾಯುವುದಕ್ಕೆ ನಾಲ್ಕು ದಿನ ಮೊದಲು, ಶ್ರಾವಣದ ಸೋಮವಾರ, ಇಡೀ ಪಾಠಶಾಲೆಗೆ ಉಪವಾಸ. ಮೂರು ಗಂಟೆಯ ಹೊತ್ತಿಗೆ ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು. ಒಳಗೆ ವಿಜಯೇಂದ್ರ ಬೆಲ್ಲದ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಬೆಲ್ಲ ತುರುಕಿಕೊಳ್ಳುತ್ತಿದ್ದ. ಮೈಯೆಲ್ಲ ಬೆವರು. ಬರಿಯ ಎದೆಯ ಮೇಲೆ ಲಿಂಗದ ಕರಡಿಗೆ ಜೋಲುತ್ತಿತ್ತು, ಅದಕ್ಕೂ ಬೆಲ್ಲ ಮೆತ್ತಿತ್ತು. ಏನೋ ಇದು ಎಂದರೆ ತಲೆಯೆತ್ತಿ ನಕ್ಕ. ಕಣ್ಣು ಎಲ್ಲೋ ಇತ್ತು. 'ಪುಟ್ಟ' ಎಂದ, ತೊದಲಿ. ಅಣ್ಣ ಇಲ್ಲ, ಅಯ್ಯ ಇಲ್ಲ. 'ಪುಟ್ಟ, ಪುಟ್ಟ' ಎಂದು ಮತ್ತೆ ಮತ್ತೆ ಅಂದ. ಪುಟ್ಟಯ್ಯನಿಗೆ ಇಪ್ಪತ್ನಾಲ್ಕು ವರ್ಷ. ಅಜ್ಜನ ಹೆಸರು ಇಟ್ಟ ತಪ್ಪಿಗೆ ಶಾಲೆಯಲ್ಲಿ ಎಲ್ಲರಿಂದ ಹಾಗೆ ಕರೆಸಿಕೊಂಡು, ಇಂಗ್ಲಿಷಿನಲ್ಲಿ ಎರಡು ಸಲ ನಪಾಸಾಗಿ, ಕಡೆಗೆ ಅಣ್ಣ ಎನ್ನಿಸಿಕೊಳ್ಳಲು ಅವನಿಗೆ ಸಿಕ್ಕಿದ್ದು ಪಾಠಶಾಲೆಯೊಂದೇ. ಕುಡಿದಿದ್ದಾನೆ ಎಂದುಕೊಂಡ. ಒಲೆಗೆಂದು ಜೋಡಿಸಿಟ್ಟಿದ್ದ ಸರ್ವೆ ಸೌದೆಯಲ್ಲಿ ಸಣ್ಣದೊಂದನ್ನು ಎಳೆದುಕೊಂಡ. ಮೊದಲ ಏಟು ಭುಜಕ್ಕೆ. ಹುಡುಗ ತಿನ್ನುವುದನ್ನು ನಿಲ್ಲಿಸಲಿಲ್ಲ. ಅದೇ ಅವನನ್ನು ಕೆರಳಿಸಿದ್ದು. ಬೆನ್ನಿಗೆ ಬಾರಿಸಿದ, ಸೊಂಟಕ್ಕೆ ಬಾರಿಸಿದ, ಡಬ್ಬ ಹಿಡಿದ ಕೈಗೆ ಬಾರಿಸಿದ. ಚರ್ಮ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಗೆ ಉಬ್ಬುವುದನ್ನು ಹತ್ತಿರದಿಂದ ನೋಡಿದ. ಹುಡುಗ ಕವುಚಿ ಬಿದ್ದು, ಬಿದ್ದಲ್ಲೇ ನೆಲಕ್ಕೆ ಚೆಲ್ಲಿದ ಬೆಲ್ಲವನ್ನು ನಾಲಿಗೆಯಿಂದ ನೆಕ್ಕಿದ. ಪುಟ್ಟಯ್ಯನಿಗೆ ಕೈ ಸೋತಿತು. ಆದರೆ ಒಳಗೆ ಏನೋ ತಣ್ಣಗಾಗಿತ್ತು. ಬಹಳ ದಿನದಿಂದ ಕಾದಿದ್ದ ಕೆಲಸವೊಂದು ಮುಗಿದ ಹಾಗೆ.

ಬಹಳ ದಿನದಿಂದ. ಹೌದು. ನವುಲೆಯ ಕಡೆ ಗುರುಗಳಿಗೆ ಒಂದು ಸಣ್ಣ ಶಾಖಾಮಠವಿತ್ತು, ಅದಕ್ಕೆ ಒಬ್ಬ ಉತ್ತರಾಧಿಕಾರಿ ಬೇಕಿತ್ತು. ಎಂಟು ವರ್ಷ ಗುರುಗಳ ಹಾಸಿಗೆ ಮಡಿಸಿದವನು ಪುಟ್ಟಯ್ಯ. ಎರಡು ವರ್ಷದ ಹಿಂದೆ ಬಂದ, ಕಾರ್ಖಾನೆ ಕೆಲಸಗಾರನ ಮಗ ವಿಜಯೇಂದ್ರ ಪ್ರಾರ್ಥನೆಗೆ ಬಾಯಿ ತೆರೆದರೆ ರಸ್ತೆಯಲ್ಲಿ ಹೋಗುವವರು ಸೈಕಲ್ ನಿಲ್ಲಿಸುತ್ತಿದ್ದರು. ಗುರುಗಳು ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೆ ವಿಜಯೇಂದ್ರ ಹಾಡುವಾಗ ಅವರ ಕಣ್ಣು ಎಲ್ಲಿರುತ್ತಿತ್ತು ಎಂಬುದನ್ನು ಪುಟ್ಟಯ್ಯ ಎರಡು ವರ್ಷ ದಿನವೂ ನೋಡಿದ್ದ. ಅವತ್ತು ಉಗ್ರಾಣದಿಂದ ನೇರ ಹೋಗಿ ಹುಡುಗನ ಟ್ರಂಕು ತೆರೆದದ್ದು ಬಾಟಲಿ ಸಿಗುತ್ತದೆ ಎಂದೇ. ಬಾಟಲಿ ಸಿಕ್ಕಿತು, ಹೆಂಡದ್ದಲ್ಲ. ಪಂಚೆಗಳ ಕೆಳಗೆ ಒಂದು ಸಣ್ಣ ಮಣ್ಣಿನ ಕುಡಿಕೆ, ಅದರೊಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹೆಬ್ಬೆರಳು ಗಾತ್ರದ ಮೂರು ಸೀಸೆ, ಪಕ್ಕದಲ್ಲಿ ಸೂಜಿ. ಮಾದಕ ವಸ್ತು ಎಂದುಕೊಂಡ. ಸೀಸೆಯ ಮೇಲಿನ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದಿದ. ಇನ್ಸುಲಿನ್. ಅದರ ಕೆಳಗೆ ಬೋವೈನ್. ಗುರುಗಳ ಕಪಾಟಿನಿಂದ ನಿಘಂಟು ತಂದ. ಇನ್ಸುಲಿನ್ ಎಂಬುದನ್ನು ಹುಡುಕಲಿಲ್ಲ, ಅದು ಹೆಸರು ಅಷ್ಟೆ ಎಂದುಕೊಂಡ. ಬೋವೈನ್ ಹುಡುಕಿದ. ಎತ್ತು, ಹಸುಗಳಿಗೆ ಸಂಬಂಧಿಸಿದ ಎಂದಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟು ಹೊತ್ತು ಕೂತಿದ್ದನೋ. ಇಷ್ಟು ವರ್ಷಗಳಲ್ಲಿ ತಾನಾಗಿ ಓದಿ ಕಂಡುಕೊಂಡ ಮೊದಲ ಇಂಗ್ಲಿಷ್ ಪದ ಅದು.

ಸಂಜೆಯ ಹೊತ್ತಿಗೆ ವಿಜಯೇಂದ್ರ ಸರಿಯಾಗಿದ್ದ. ಬೆನ್ನು ಕಂಬಕ್ಕೆ ತಾಗದಂತೆ ಕೂತು, ನಡೆದದ್ದು ನೆನಪಿಲ್ಲ ಎಂದ. ತನಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಬೆಳಿಗ್ಗೆ ಸಂಜೆ ಬಚ್ಚಲಲ್ಲಿ ಸೂಜಿ ಚುಚ್ಚಿಕೊಳ್ಳುತ್ತೀನಿ, ಸೂಜಿ ಹಾಕಿಕೊಂಡು ಉಪವಾಸ ಕೂತರೆ ಹೀಗಾಗುತ್ತದೆ, ರೋಗ ಇದ್ದವನನ್ನು ಪೀಠಕ್ಕೆ ಕೂರಿಸಲ್ಲವಲ್ಲ ಅದಕ್ಕೆ ಹೇಳಿರಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಪುಟ್ಟಯ್ಯ ನಿಘಂಟು ತೆರೆದು ತೋರಿಸಿದ. ಓದಿದ ಮೇಲೆ, ಏಟು ಬಿದ್ದಾಗಲೂ ಕುಸಿಯದ ಹುಡುಗನ ಮುಖ ಕುಸಿಯಿತು. ನನಗೆ ಗೊತ್ತಿರಲಿಲ್ಲ ಅಣ್ಣ ಎಂದ. ಮನೆಯಲ್ಲೂ ಯಾರಿಗೂ ಗೊತ್ತಿಲ್ಲ, ಡಾಕ್ಟರು ಹೇಳಿರಲಿಲ್ಲ ಎಂದ. ಹನ್ನೆರಡು ವರ್ಷ ಬಸವಣ್ಣನನ್ನೇ ಮೈಗೆ ಚುಚ್ಚಿಕೊಂಡೆಯಲ್ಲೋ ಎಂದು ಪುಟ್ಟಯ್ಯ ಮೆಲ್ಲಗೆ ಹೇಳಿದ. ಗದರಲಿಲ್ಲ. ಆಗ ಗದರಬೇಕಾಗಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಒಂದು ಸೀಸೆಯನ್ನು ಅವನ ಕೈಗೇ ಕೊಟ್ಟ. ವಿಜಯೇಂದ್ರ ಎಸೆದ, ಅದು ಒಡೆಯದೆ ಉರುಳಿ ಚರಂಡಿಯ ಅಂಚಿಗೆ ನಿಂತಿತು. ಪುಟ್ಟಯ್ಯ ಅದನ್ನು ಎತ್ತಿ ತಂದು ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದ. ಎರಡನೆಯದನ್ನು, ಮೂರನೆಯದನ್ನು. ಆಸ್ಪತ್ರೆಯ ವಾಸನೆ ಎದ್ದಿತು. ಗಾಜು ಬೆರಳಿಗೆ ಹೊಕ್ಕಿತು. ಹುಡುಗ ತನ್ನ ಬೆರಳಿಗೇ ಹೊಕ್ಕಂತೆ ಹಲ್ಲು ಕಚ್ಚಿ ನಿಂತಿದ್ದ.

ಆ ರಾತ್ರಿಯಿಂದ ಪುಟ್ಟಯ್ಯನಿಗೆ ಎಂದೂ ಬಾರದಂಥ ನಿದ್ದೆ ಬಂತು. ಇದನ್ನು ಯಾರಿಗೆ ಹೇಳುವುದು. ಮಂಗಳವಾರ, ಬುಧವಾರ ಜಪಕ್ಕೆ ಕೂತರೆ ಮನಸ್ಸು ಕದಲುತ್ತಿರಲಿಲ್ಲ. ಬೆರಳು ತಾನೇ ಮಣಿ ಸರಿಸುತ್ತಿತ್ತು. ತಿಳಿ, ಹಗುರ. ಒಬ್ಬನನ್ನು ಕೆಸರಿನಿಂದ ಎತ್ತಿದ್ದೇನೆ ಎಂಬ ಸಮಾಧಾನ ಎದೆಯಲ್ಲಿ ಬೆಚ್ಚಗೆ ಕೂತಿತ್ತು, ವಿಜಯೇಂದ್ರನ ಮೇಲಿದ್ದ ಹೊಟ್ಟೆಕಿಚ್ಚೂ ಕರಗಿ ಪ್ರೀತಿಯಂತಾಗಿತ್ತು. ಇಡೀ ಬದುಕಿನಲ್ಲಿ ದೇವರು ಅಷ್ಟು ಹತ್ತಿರ ಬಂದದ್ದು ಆ ಎರಡು ದಿನ ಮಾತ್ರ. ಮೆಟಡೋರಿನ ಬಿಸಿಯಲ್ಲಿ ಈಗ ಅದನ್ನು ನೆನೆಸಿಕೊಂಡು ಶಲ್ಯವನ್ನು ಇನ್ನೂ ಗಟ್ಟಿಯಾಗಿ ಮೂಗಿಗೆ ಒತ್ತಿಕೊಂಡ. ಆ ಎರಡು ದಿನ ವಿಜಯೇಂದ್ರ ಕೊಳಾಯಿಗೆ ಬಾಯಿ ಹಚ್ಚಿ ನೀರು ಕುಡಿದ, ಹೊರಗೆ ಹೋಗಿ ಬಂದು ಮತ್ತೆ ಕುಡಿದ. ಬುಧವಾರ ಸಂಜೆ ಪ್ರಾರ್ಥನೆಯ ಗಂಟೆಗೆ ಮೊದಲು ಆ ಕೊಳಾಯಿಯ ಹತ್ತಿರವೇ ಪುಟ್ಟಯ್ಯನ ಶಲ್ಯ ಹಿಡಿದು ನಿಲ್ಲಿಸಿದ. ತುಟಿ ಒಡೆದು ಬಿಳಿಯಾಗಿತ್ತು.

'ಅಣ್ಣ, ಆಗ್ತಿಲ್ಲ. ಅಕ್ಕನಿಗೆ ಒಂದು ಫೋನ್ ಮಾಡು. ಸೂಜಿ ತಗೊಂಡು ಬಾ ಅನ್ನು.'

'ಎತ್ತಿಂದು ಅಂತ ಗೊತ್ತಿದ್ದೂ?'

'ಗೊತ್ತಿದ್ದೂ' ಎಂದ ವಿಜಯೇಂದ್ರ. ಪೆನ್ನಿನಿಂದ ಪುಟ್ಟಯ್ಯನ ಅಂಗೈ ಮೇಲೆ ತನ್ನೂರಿನ ಪಕ್ಕದ ಮನೆಯವರ ನಂಬರು ಬರೆದ. ಬರೆಯುವಾಗ ಅವನ ಕೈ ಬಿಸಿಯಾಗಿಯೂ ಒಣಗಿಯೂ ಇತ್ತು.

ಪುಟ್ಟಯ್ಯ ಎಸ್‌ಟಿಡಿ ಬೂತಿಗೆ ಹೋದದ್ದು ನಿಜ. ಮುಂದೆ ಒಬ್ಬ ಹೆಂಗಸು ಗಂಡನೊಂದಿಗೆ ಜಗಳವಾಡುತ್ತಿದ್ದಳು, ಅವಳು ಮುಗಿಸುವ ತನಕ ಕಾದದ್ದೂ ನಿಜ. ರಿಸೀವರ್ ಎತ್ತಿದ. ಅಕ್ಕ ಬರುತ್ತಾಳೆ, ಇದ್ದ ಸೀಸೆ ಏನಾಯಿತು ಎನ್ನುತ್ತಾಳೆ, ತಮ್ಮನ ಅಂಗಿ ಬಿಚ್ಚಿ ಬೆನ್ನು ನೋಡುತ್ತಾಳೆ. ಗುರುಗಳು ನೋಡುತ್ತಾರೆ. ಒಳಗಿದ್ದ ಆ ತಿಳಿನೀರು ಕಲಕಿ ಹೋಗುತ್ತದೆ. ಅದನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ರಿಸೀವರ್ ಇಟ್ಟು, ಬರುವ ದಾರಿಯಲ್ಲಿ ಅಂಗೈಗೆ ಉಗುಳಿ ಪಂಚೆಗೆ ಒರೆಸಿಕೊಂಡ. ರಿಂಗ್ ಆಗ್ತಿದೆ, ಯಾರೂ ಎತ್ತುತ್ತಿಲ್ಲ, ನಾಳೆ ಮಾಡ್ತೀನಿ, ಅಲ್ಲಿ ತನಕ ಸೋಲಬೇಡ ಎಂದ. ಹುಡುಗ ನಂಬಿದ.

ಗುರುವಾರ ಬೆಳಿಗ್ಗೆ ವಿಜಯೇಂದ್ರ ಪ್ರಾರ್ಥನೆಯ ಹಾಲಿನಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ. ಉಸಿರು ಆಳವಾಗಿ, ಒಂದೇ ಲಯದಲ್ಲಿ, ತಿದಿ ಒತ್ತಿದಂತೆ ಬರುತ್ತಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಪ್ರಾಣಾಯಾಮ ಹತ್ತಿದೆ ಎಂದು ಒಬ್ಬ ಹೇಳಿದ. ಹತ್ತಿರ ಹೋದ ಇನ್ನೊಬ್ಬ ಬಾಯಿಂದ ಹಣ್ಣಿನ ಪರಿಮಳ ಬರುತ್ತಿದೆ ಎಂದು ಕೂಗಿಕೊಂಡು ಬಂದ. ಸಾಲಾಗಿ ಬಂದು ಮೂಸಿದರು. ಆ ಮಾತಿಗೆ ಈಗ ಅಸಹ್ಯವಾಗುತ್ತದೆ, ಆದರೆ ನಡೆದದ್ದು ಅದೇ, ಮೂಸಿ ಕೈಮುಗಿದರು. ವಾಂತಿ ಮಾಡಿಕೊಂಡಾಗ ದೇಹಶುದ್ಧಿ ಎಂದರು. ಗುರುಗಳೂ ಬಂದು ಬಹಳ ಹೊತ್ತು ನಿಂತು, ಎಬ್ಬಿಸಬೇಡಿ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಯಾರೋ ಸ್ಟುಡಿಯೋದವನನ್ನು ಕರೆಸಿ ಫೋಟೊ ತೆಗೆಸಿದರು. ಪುಟ್ಟಯ್ಯನೂ ಆ ಪಾದಗಳಿಗೆ ಹಣೆ ಹಚ್ಚಿದ. ನನ್ನ ಏಟಿನಿಂದ ನಿನಗೆ ಇದು ಬಂತು ಎಂದು ಒಳಗೇ ಅಂದುಕೊಂಡು ಅತ್ತ. ಅದು ಸುಳ್ಳು ಅಳುವಾಗಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಹುಡುಗನ ಕಣ್ಣು ಅರ್ಧ ತೆರೆದು ಬಿಳಿಗುಡ್ಡೆ ಕಂಡಾಗ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರು ಬಾಗಿಲಲ್ಲೇ ಮೂಗು ಅರಳಿಸಿ, ಎಷ್ಟು ದಿನದಿಂದ ಇನ್ಸುಲಿನ್ ಇಲ್ಲ ಎಂದು ಕೇಳಿದರು. ಒಂದೇ ಉಸಿರಿನಲ್ಲಿ ಆಕೆ ಓದಿಬಿಟ್ಟದ್ದನ್ನು ಪಾಠಶಾಲೆಯ ಮೂವತ್ತು ಜನ ಒಂದು ದಿನವಿಡೀ ಮೂಸಿಯೂ ಓದಿರಲಿಲ್ಲ. ಗೊತ್ತಿಲ್ಲ ಎಂದ ಪುಟ್ಟಯ್ಯ. ಹನ್ನೊಂದೂವರೆಗೆ ಮುಗಿಯಿತು. ಅದು ಯೋಗವಲ್ಲ, ಸಕ್ಕರೆ ಸುಡಲಾಗದೆ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಂಡಾಗ ಬರುವ ವಾಸನೆ, ರಕ್ತ ಹುಳಿಯಾದಾಗ ಹಾಗೆ ಉಸಿರೆಳೆಯುತ್ತಾರೆ, ನಿನ್ನೆ ತಂದಿದ್ದರೆ ಉಳಿಯುತ್ತಿದ್ದ ಎಂದು ಆಕೆ ಕೈಗವಸು ಕಿತ್ತು ಬಕೆಟ್ಟಿಗೆ ಎಸೆಯುತ್ತ ಹೇಳಿದರು. ಬೆನ್ನಿಗೆ ಯಾರು ಹೊಡೆದದ್ದು ಎಂದು ಕೇಳಿದಾಗ, ಬಾವಿಕಟ್ಟೆಯಿಂದ ಬಿದ್ದ ಎಂದರು ಗುರುಗಳು, ಯಾರನ್ನೂ ವಿಚಾರಿಸದೆಯೇ. ಆಕೆ ಅವರ ಮುಖವನ್ನೇ ನೋಡಿ, ಕರೆಯಲು ಬಂದ ನರ್ಸಿನ ಹಿಂದೆ ಇನ್ನೊಬ್ಬ ರೋಗಿಯ ಕಡೆ ಹೋದರು. ಅವತ್ತು ಸಂಜೆ ಪುಟ್ಟಯ್ಯ ಗುರುಗಳಿಗೆ ಸೌದೆಯ ವಿಷಯ, ಸೀಸೆಯ ವಿಷಯ ಹೇಳಿದ. ಫೋನಿನ ವಿಷಯ ಹೇಳಲಿಲ್ಲ. ಅವನು ಔಷಧ ಬಿಟ್ಟದ್ದು ಅವನ ಸಂಕಲ್ಪ, ತಂದೆತಾಯಿಗೆ ಅಷ್ಟು ಸಾಕು ಎಂದಿದ್ದರು ಗುರುಗಳು.

ಕ್ವಾರ್ಟರ್ಸಿನ ಮುಂದೆ ಶಾಮಿಯಾನ ಹಾಕಿದ್ದರು. ಒಂದೇ ಅಚ್ಚಿನ ಮನೆಗಳ ಸಾಲು. ಎದುರು ಮನೆಯ ತಮಿಳು ಹೆಂಗಸು ತನ್ನ ಮನೆಯ ಕುರ್ಚಿಗಳನ್ನು ತಂದು ಜೋಡಿಸುತ್ತಿದ್ದಳು. ವಿಜಯೇಂದ್ರನ ತಂದೆ ಗಂಗಾಧರಪ್ಪ ಮೆಟಡೋರಿನ ಬಾಗಿಲಿಗೇ ಬಂದು ಗುರುಗಳ ಕಾಲಿಗೆ ಬಿದ್ದರು. ಎತ್ತರದ ಮನುಷ್ಯ, ಕುಲುಮೆಯ ಕೆಲಸದಲ್ಲಿ ಎರಡೂ ಮುಂಗೈ ಮೇಲೆ ಸುಟ್ಟ ಕಲೆ. ಆಮೇಲೆ ಪುಟ್ಟಯ್ಯನ ಕಡೆ ತಿರುಗಿ, ತನ್ನ ಅರ್ಧ ವಯಸ್ಸಿನವನಿಗೆ, ಬನ್ನಿ ಅಯ್ನೋರೆ, ನಮ್ಮ ವಿಜಿ ಯಾವಾಗಲೂ ನಿಮ್ಮ ಮಾತೇ ಆಡ್ತಿದ್ದ ಎಂದು ಅವನ ಕೈಯಿಂದ ಟ್ರಂಕು ತೆಗೆದುಕೊಳ್ಳಲು ಬಂದರು. ಪುಟ್ಟಯ್ಯ ಕೊಡಲಿಲ್ಲ. ಒಳಗೆ ಗೋಡೆಯ ಮೇಲೆ ಆ ಗುರುವಾರದ ಫೋಟೊವನ್ನು ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಕಣ್ಣು ಮುಚ್ಚಿದ ಮುಖ, ಒಳಕ್ಕೆ ಹೋದ ಕೆನ್ನೆ. ಬಂದವರು ಅದಕ್ಕೆ ಕೈಮುಗಿದು, ಮೈಮೇಲಿನ ಆಸೆಯನ್ನೇ ಬಿಟ್ಟ ಮಹಾತ್ಮ, ಉಸಿರೂ ಹಣ್ಣಿನಂತೆ ಪರಿಮಳಿಸಿತ್ತಂತೆ ಎಂದು ಗಂಗಾಧರಪ್ಪನವರಿಗೆ ಹೇಳುತ್ತಿದ್ದರು. ಅವರು ಪ್ರತಿ ಸಲವೂ ತಲೆಯಾಡಿಸಿ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಹಿಂದಿನ ಕೋಣೆಗೆ ಟ್ರಂಕು ಇಡಲು ಹೋದಾಗ ಸುಮನಾ ಅಲ್ಲೇ ಇದ್ದಳು. ವಿಜಯೇಂದ್ರನ ಅಕ್ಕ, ಬಿಎಸ್ಸಿ ಓದುವವಳು. ಏಳು ವರ್ಷದವನಿಗೆ ಮೊದಲ ಸೂಜಿ ಚುಚ್ಚಲು ಕಲಿತವಳು ಅವಳೇ ಎಂದು ಹುಡುಗ ಆ ಸೋಮವಾರ ಸಂಜೆ ಹೇಳಿದ್ದ. ಬನ್ನಿ ಎನ್ನಲಿಲ್ಲ. ನೆಲದ ಮೇಲೆ ಕೂತು ಟ್ರಂಕು ತೆರೆದು, ಪಂಚೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟು, ಖಾಲಿ ಕುಡಿಕೆಯನ್ನು ಬೆಳಕಿಗೆ ಹಿಡಿದಳು. ಅವನು ಹೋಗುವ ಹಿಂದಿನ ಭಾನುವಾರವಷ್ಟೇ ಮೂರು ಸೀಸೆ ನಾನೇ ತಂದು ಕೊಟ್ಟಿದ್ದೆ, ಒಂದೂವರೆ ತಿಂಗಳಿಗೆ ಬರುತ್ತಿತ್ತು, ಎಲ್ಲಿ ಎಂದು ಕೇಳಿದಳು.

'ಒಡೆದು ಹೋದವು' ಎಂದ ಪುಟ್ಟಯ್ಯ.

ಸುಮನಾ ತಲೆಯೆತ್ತಿದಳು. 'ಒಡೆದು ಹೋದ್ವಾ, ಒಡೆದ್ರಾ?'

ಅವನ ಬೆರಳಿನಲ್ಲಿ ಗಾಜು ಹೊಕ್ಕ ಗಾಯ ಇನ್ನೂ ಮಾಯ್ದಿರಲಿಲ್ಲ. ಅವಳ ಕಣ್ಣು ಅಲ್ಲಿಗೆ ಬಂದು ನಿಂತಿತು. ಅವನು ಕೈಯನ್ನು ಶಲ್ಯದೊಳಗೆ ಎಳೆದುಕೊಂಡ. ಎತ್ತಿನದು ಎಂದು ನಮಗೆ ಗೊತ್ತಿತ್ತು ಎಂದಳು ಸುಮನಾ, ನನಗೆ ಮತ್ತು ಅಮ್ಮನಿಗೆ. ಹೇಳಿದರೆ ಬಿಟ್ಟುಬಿಡ್ತಾನೆ ಅಂತ ಹೇಳಿರಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲ. ಅವಳ ದನಿಯಲ್ಲಿ ಅಳುವಿರಲಿಲ್ಲ. ಕುಡಿಕೆಯನ್ನು ಅವನ ಎದೆಗೆ ಎಸೆದಳು, ಅದು ಲಿಂಗದ ಕರಡಿಗೆಗೆ ಬಡಿದು ನೆಲಕ್ಕೆ ಬಿದ್ದು ಹೋಳಾಯಿತು. ಇನ್ನೂ ಏನಾದರೂ ಎಸೆಯಲಿ ಎಂದು ಅವನು ಕೈ ಇಳಿಬಿಟ್ಟು ನಿಂತ. ಅವಳು ಅದನ್ನು ಗುರುತಿಸಿದಳು. ಮುಖದ ಮೇಲೆ ಒಂದು ಬಗೆಯ ಹೇಸಿಗೆ ಬಂತು. 'ನನ್ನ ಕೈಲಿ ಹೊಡೆಸ್ಕೊಂಡು ಆರಾಮಾಗಿ ಹೋಗಬೇಕು ಅಂತಿದ್ದೀರಾ? ಹೊರಗೆ ಅಪ್ಪ ನಿಮ್ಮ ಕಾಲು ತೊಳೆಯೋಕೆ ಕಾಯ್ತಿದ್ದಾರೆ. ಹೋಗಿ, ತೊಳೆಸ್ಕೊಳ್ಳಿ.'

ಐದು ಮಣೆ ಹಾಕಿದ್ದರು. ನಾಲ್ವರು ಊರಿನ ವಯಸ್ಸಾದ ಜಂಗಮರು, ಕೊನೆಯಲ್ಲಿ ಪುಟ್ಟಯ್ಯ. ಎದುರು ಕುರ್ಚಿಯಲ್ಲಿ ಗುರುಗಳು. ಗಂಗಾಧರಪ್ಪ ಬರಿಮೈಯಲ್ಲಿ, ಪತ್ನಿ ಸುಭದ್ರಮ್ಮ ಹಿತ್ತಾಳೆ ಚೊಂಬು ಹಿಡಿದು, ಒಬ್ಬೊಬ್ಬರ ಮುಂದೆ ಕೂತು ಬಂದರು. ಆಕೆ ನೀರು ಹೊಯ್ಯುವುದು, ಅವರು ತಟ್ಟೆಯಲ್ಲಿ ಪಾದ ಇಡಿಸಿಕೊಂಡು ತೊಳೆಯುವುದು, ವಿಭೂತಿ ಹಚ್ಚಿ ಹೂವಿಡುವುದು. ನೀರು ತಟ್ಟೆಗೆ ಬೀಳುವ ಸದ್ದು ಹತ್ತಿರ ಹತ್ತಿರ ಬಂತು. ಪುಟ್ಟಯ್ಯ ತನ್ನ ಪಾದಗಳನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಹೇಳಿದರೆ ಈ ಮನುಷ್ಯ ಏನಾಗುತ್ತಾನೆ? ಹನ್ನೊಂದು ದಿನದಿಂದ ಒಂದೇ ಒಂದು ನಂಬಿಕೆಯನ್ನು ಊರಿಕೊಂಡು ನಿಂತಿದ್ದಾನೆ, ಅದನ್ನೂ ಕಿತ್ತುಕೊಳ್ಳುವುದೇ? ಹೇಳದಿದ್ದರೆ ಯಾರಿಗೆ ನಷ್ಟ? ಈ ಲೆಕ್ಕಾಚಾರ ಶುರುವಾದೊಡನೆ ಅವನಿಗೆ ತನ್ನ ಗುರುತು ಸಿಕ್ಕಿತು. ಬೂತಿನಲ್ಲಿ ರಿಸೀವರ್ ಹಿಡಿದು ನಿಂತವನು ಇವನೇ. ಅಷ್ಟರಲ್ಲಿ ಗಂಗಾಧರಪ್ಪನವರ ಒರಟು ಕೈ ಅವನ ಹಿಮ್ಮಡಿಯನ್ನು ಎತ್ತಿ ತಟ್ಟೆಯಲ್ಲಿಟ್ಟಿತು. ತಣ್ಣನೆಯ ನೀರು ಬಿತ್ತು. ಅವರು ಹಸುಗೂಸಿನ ಕಾಲು ತೊಳೆದಂತೆ ಬೆರಳ ಸಂದಿಯನ್ನು ಹೆಬ್ಬೆರಳಿನಿಂದ ಉಜ್ಜಿ ಮಣ್ಣು ತೆಗೆದರು. ಪುಟ್ಟಯ್ಯ ಕಾಲು ಕಿತ್ತುಕೊಂಡ. ತಟ್ಟೆ ಮಗುಚಿ ನೀರು ಗಂಗಾಧರಪ್ಪನವರ ಎದೆಗೆ ಎರಚಿತು.

'ಬೇಡ' ಎಂದ. 'ನಾನು ಹೊಡೆದಿದ್ದೆ. ಸೌದೆಯಲ್ಲಿ. ಔಷಧ ಒಡೆದವನು ನಾನು.'

ಗುರುಗಳು ಪುಟ್ಟಯ್ಯಾ ಎಂದು ಕುರ್ಚಿಯಿಂದ ಎದ್ದರು. ಗಂಗಾಧರಪ್ಪ ಎದೆಯ ನೀರು ಒರೆಸಿಕೊಳ್ಳದೆ ಅವನನ್ನೇ ನೋಡುತ್ತಿದ್ದರು. ಅವನು ತಾನೇ ಬಿಟ್ಟ ಅಂದ್ರು, ಎಂದರು ಬಹಳ ಮೆಲ್ಲಗೆ. ಸೋಮವಾರ ಒಪ್ಪಿದ್ದ ಎಂದ ಪುಟ್ಟಯ್ಯ.

'ಆಮೇಲೆ? ಸೂಜಿ ಕೇಳಿದ್ನಾ?'

'ಬುಧವಾರ ಸಂಜೆ ಕೇಳಿದ. ಅಕ್ಕನಿಗೆ ಫೋನ್ ಮಾಡು ಅಂದ. ನಾನು ಮಾಡಲಿಲ್ಲ. ಮಾಡಿದೆ ಅಂತ ಅವನಿಗೆ ಸುಳ್ಳು ಹೇಳಿದೆ.'

ಮೊದಲ ಏಟು ಬಂದದ್ದು ತಟ್ಟೆಯ ಅಂಚಿನಿಂದ. ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಆಮೇಲೆ ಕಾದ ಕಬ್ಬಿಣ ಎಳೆದ ಆ ಕೈಗಳು ಅವನ ಕುತ್ತಿಗೆ ಹಿಡಿದು ಎತ್ತಿ ಗೋಡೆಗೆ ಬಡಿದವು. ಒಂದು ಸಲ, ಎರಡು ಸಲ. ತಲೆಯ ಹಿಂದೆ ಸುಣ್ಣದ ಹಕ್ಕಳೆ ಉದುರಿದ್ದು ಅವನಿಗೆ ಕೇಳಿಸಿತು. ಹೊಟ್ಟೆಗೆ ಮಂಡಿ ಬಿತ್ತು. ವಯಸ್ಸಾದ ಜಂಗಮರು ಮಣೆ ಬಿಟ್ಟು ಎದ್ದು ಹಿಂದೆ ಸರಿದರು, ಎದುರು ಮನೆಯ ಹೆಂಗಸು ವೇಣ್ಡಾಂ ಅಣ್ಣಾ, ಬೇಡ ಎಂದು ಗಂಗಾಧರಪ್ಪನವರ ತೋಳಿಗೆ ಜೋತುಬಿದ್ದಳು. ಉಸಿರು ಸಿಕ್ಕಿಕೊಂಡು ಕಣ್ಣು ಕಪ್ಪಾಗುವಾಗ ಪುಟ್ಟಯ್ಯ ಸಮಾಧಾನ ಬಂದೀತೆಂದು ಹುಡುಕಿದ. ಬರಲಿಲ್ಲ. ನೋವು ಬರಿಯ ನೋವಾಗಿತ್ತು. ಶಾಂತಿ ತಂದುಕೋ ಗಂಗಾಧರಪ್ಪ ಎಂದು ಗುರುಗಳು ಹತ್ತಿರ ಬಂದಾಗ ಆ ಕೈ ಅವನ ಕುತ್ತಿಗೆ ಬಿಟ್ಟಿತು. ಗಂಗಾಧರಪ್ಪ ಗುರುಗಳ ಕಡೆ ತಿರುಗಿದರು.

'ಮಣ್ಣಿಗಿಡುವಾಗ ಅವನ ಬೆನ್ನು ನೋಡಿದೀನಿ ಬುದ್ಧಿ. ಬಾವಿಕಟ್ಟೆಯಿಂದ ಬಿದ್ದ ಅಂದ್ರಿ. ನಾನು ನಂಬಿದೆ. ನನ್ನ ಕಣ್ಣನ್ನೇ ನಂಬದೆ ನಿಮ್ಮನ್ನ ನಂಬಿದೆ.'

ಗುರುಗಳ ಮುಖ ಒಮ್ಮೆಗೇ ಮುದಿಯಾಯಿತು. ಮೂವರು ವಿದ್ಯಾರ್ಥಿಗಳು ಬಾಗಿಲಲ್ಲಿ ಗುಂಪಾಗಿದ್ದರು. ಸುಮನಾ ಅವರ ಮುಂದೆ ಹೋಗಿ, ನೀವೂ ಮೂಸಿದ್ರಾ ಎಂದು ಕೇಳಿದಳು. ಒಬ್ಬ ತಲೆತಗ್ಗಿಸಿ ಹೂಂ ಎಂದ. ಆ ವಾಸನೆ ಏನು ಎಂದು ಅವಳು ಹೇಳಿದಳು. ಪಾಠ ಹೇಳುವವಳಂತೆ, ಉಸಿರು ಯಾಕೆ ಹಾಗೆ ಬರುತ್ತದೆ, ಬಾಯಾರಿಕೆ ಯಾಕೆ, ಎಷ್ಟು ಹೊತ್ತಿನೊಳಗೆ ಆಸ್ಪತ್ರೆಗೆ ಒಯ್ಯಬೇಕು ಎಂದು ಒಂದೊಂದಾಗಿ ಹೇಳಿದಳು. ಗೋಡೆಯ ಬುಡದಲ್ಲಿ ಕೂತಿದ್ದ ಪುಟ್ಟಯ್ಯನೂ ಕೇಳಿಸಿಕೊಂಡ. ಗಂಗಾಧರಪ್ಪ ಬರಿಯ ನೆಲದ ಮೇಲೆ ಕೂತು, ಒದ್ದೆಯಾದ ತಮ್ಮ ಎರಡೂ ಕೈಯನ್ನು ನೋಡಿಕೊಳ್ಳುತ್ತಿದ್ದರು. ಅವರ ಬೆನ್ನು ಬಾಗಿತ್ತು.

ಎದ್ದು ಹೋಗಬೇಕೆಂದು ಪುಟ್ಟಯ್ಯ ಗೋಡೆ ಹಿಡಿದು ನಿಂತ. ಬಾಗಿಲಿಗೆ ಅಡ್ಡ ಸುಭದ್ರಮ್ಮ ಇದ್ದರು. ಇಷ್ಟು ಹೊತ್ತೂ ಚೊಂಬು ಹಿಡಿದೇ ನಿಂತಿದ್ದವರು. ಸಣ್ಣ ಆಕೃತಿ, ತಲೆ ಅವನ ಭುಜಕ್ಕೂ ಬರುತ್ತಿರಲಿಲ್ಲ. 'ಐದು ಎಲೆ ಹಾಕಿದೀನಿ' ಎಂದರು. 'ಒಂದು ಖಾಲಿ ಉಳಿದ್ರೆ ನನ್ನ ಮಗನಿಗೆ ಮುಟ್ಟಲ್ಲ. ಉಂಡು ಹೋಗು. ಆಮೇಲೆ ಈ ಬೀದಿಗೆ ಕಾಲಿಡಬೇಡ.'

ಬೇರೆ ಯಾರನ್ನಾದರೂ ಕೂರಿಸಿ ತಾಯಿ, ನನ್ನಿಂದ ಆಗಲ್ಲ ಎಂದ. ಆಕೆ ಅಡ್ಡ ಸರಿಯಲಿಲ್ಲ. ಹಿರಿಯ ಜಂಗಮರು ಒಬ್ಬರನ್ನೊಬ್ಬರು ನೋಡಿಕೊಂಡು ಮೆಲ್ಲಗೆ ಎಲೆಗಳ ಮುಂದೆ ಕೂತರು. ಕೊನೆಯ ಎಲೆಯ ಮುಂದೆ ಪುಟ್ಟಯ್ಯ ಕೂತ. ಒಂದು ಪಾದ ಒದ್ದೆ, ಇನ್ನೊಂದು ಒಣ. ಸುಭದ್ರಮ್ಮ ತಾವೇ ಬಡಿಸಿದರು. ಅನ್ನ, ಸಾರು, ಬದನೆಕಾಯಿ ಪಲ್ಯ. ಮಗನಿಗೆ ಇಷ್ಟವಾದದ್ದೆಲ್ಲ ಮಾಡಿದ್ದರೇನೋ. ಮೊದಲ ತುತ್ತಿಗೇ ಉಪ್ಪು ಖಾರ ಸೀಳಿದ ತುಟಿಯೊಳಗೆ ಇಳಿದು ಕಣ್ಣಲ್ಲಿ ನೀರು ಬಂತು. ಅನ್ನ ಕೆಂಪಾಯಿತು. ನುಂಗಿದ. ಎಲೆ ಖಾಲಿಯಾಗುತ್ತಿದ್ದಂತೆ ಸುಭದ್ರಮ್ಮ ಮತ್ತೆ ಬಂದರು. ಸಾಕೆಂದು ಅವನು ಎಲೆಗೆ ಕೈ ಅಡ್ಡ ಹಿಡಿದ. ಆಕೆ ಆ ಕೈಯನ್ನು ಸರಿಸಿ, ಇನ್ನೊಂದು ಸೌಟು ಅನ್ನ ಹಾಕಿ, ಅವನು ಕಲಸುವ ತನಕ ಅಲ್ಲೇ ನಿಂತರು.